ಲಿವರಿನ ಗಡ್ಡೆಗೆ ಗಾಜಿನ ಕಣಗಳ ಚಿಕಿತ್ಸೆ

ಮೊನ್ನೆ ಅಡಿಕೆ ಹಾಕಲು ಸಂಘಕ್ಕೆ ಬಂದಿದ್ದ ಸದಸ್ಯ ಬಾಂಧವರೊಬ್ಬರು ತೂಕದ ಚೀಟಿಯ ಜೊತೆಗೆ ಆಸ್ಪತ್ರೆಯ ಫೈಲೊಂದನ್ನೂ ಮೇಜಿನ ಮೇಲಿಟ್ಟರು. ಅವರ ಅಣ್ಣನಿಗೆ ಯಕೃತ್ತಿನಲ್ಲಿ, ಅಂದರೆ ನಾವು ಲಿವರ್ ಎನ್ನುವ ಅಂಗದಲ್ಲಿ, ಕ್ಯಾನ್ಸರ್ ಗಡ್ಡೆ. ಕೊಯ್ದು ತೆಗೆಯುವಂತಿಲ್ಲ, ರಕ್ತನಾಳದ ಮೂಲಕ ವಿಕಿರಣದ ಕಣಗಳನ್ನು ಬಿಡುವ ಚಿಕಿತ್ಸೆಯೊಂದಿದೆ, ಖರ್ಚು ಹಲವು ಲಕ್ಷ ಎಂದಿದ್ದಾರಂತೆ. "ಅರ್ಧ ಎಕರೆ ತೋಟ ಕೊಟ್ಟಾದರೂ ಮಾಡಿಸುವುದೋ, ಬೇಡವೋ?" ಎಂದು ಕೇಳಿದರು. ತೋಟ ಮಾರುವ ವಿಷಯದಲ್ಲಿ ಸಲಹೆ ಕೊಡುವ ಧೈರ್ಯ ನಮಗಿಲ್ಲ. ಚಿಕಿತ್ಸೆ ಏನೆಂಬುದನ್ನು ಮಾತ್ರ ತಿಳಿದು ಬರೆಯುತ್ತಿದ್ದೇವೆ.

ಇದರ ಗುಟ್ಟಿರುವುದು ಲಿವರಿನ ನೀರಾವರಿಯಲ್ಲಿ. ಅದಕ್ಕೆ ಎರಡು ಕಡೆಯಿಂದ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದಿಂದ, ಉಳಿದ ಕಾಲು ಪಾಲು ಹೆಪಾಟಿಕ್ ಅಪಧಮನಿಯಿಂದ. ಕ್ಯಾನ್ಸರ್ ಗಡ್ಡೆಯಾದರೋ ತನ್ನ ಆಹಾರವನ್ನು ಬಹುಮಟ್ಟಿಗೆ ಈ ಅಪಧಮನಿಯಿಂದಲೇ ಹೀರುತ್ತದೆ. ಆದ್ದರಿಂದ ಈ ನಾಳಕ್ಕೆ ಬಿಟ್ಟ ಮದ್ದು ಹೆಚ್ಚಾಗಿ ಗಡ್ಡೆಗೇ ಸೇರುತ್ತದೆ. ಗೊನೆಗೆ ಬಿಟ್ಟ ಬೋರ್ಡೋ ಗಾಳಿಗೆ ಎಷ್ಟು ಹೋಗುತ್ತದೆಂದು ಬಲ್ಲ ನಮಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ.

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಡೆಲ್ಬರ್ಟ್ ಡೇ ಎಂಬ ಗಾಜಿನ ವಿಜ್ಞಾನಿಯೂ ಗ್ಯಾರಿ ಎರ್ಹಾರ್ಟ್ ಎಂಬವರೂ 1980ರ ದಶಕದಲ್ಲಿ ಈ ಗಾಜಿನ ಕಣಗಳನ್ನು ರೂಪಿಸಿದರು. ಯಿಟ್ರಿಯಂ ಎಂಬ ಲೋಹವನ್ನು ಸೇರಿಸಿದ ಗಾಜನ್ನು 20ರಿಂದ 30 ಮೈಕ್ರಾನ್ ಗಾತ್ರದ ಗುಂಡುಗಳನ್ನಾಗಿ ಮಾಡಿ, ಆಮೇಲೆ ಅಣು ರಿಯಾಕ್ಟರಿನಲ್ಲಿಟ್ಟು ವಿಕಿರಣಶೀಲಗೊಳಿಸುತ್ತಾರೆ. ಒಂದು ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಕಣದಿಂದ ಹೊರಡುವ ಬೀಟಾ ಕಿರಣ ಮಾಂಸದಲ್ಲಿ ಸರಾಸರಿ ಎರಡೂವರೆ ಮಿ.ಮೀ., ಹೆಚ್ಚೆಂದರೆ 11 ಮಿ.ಮೀ. ದೂರ ಸಾಗುತ್ತದೆ. 64 ಗಂಟೆಗೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುವುದರಿಂದ, ಹನ್ನೊಂದು ದಿನದಲ್ಲಿ ಹೆಚ್ಚುಕಡಿಮೆ ಕೆಲಸ ಮುಗಿದಿರುತ್ತದೆ. ಗಾಜು ಮಾತ್ರ ಅಲ್ಲೇ ಉಳಿಯುತ್ತದೆ, ಅದರಿಂದ ತೊಂದರೆಯಿಲ್ಲ. ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರವೂ ಇಂಥ ಕಣಗಳನ್ನು ಸಿದ್ಧಪಡಿಸಿದೆ.

ಕಣ ಬಿಡುವ ಮೊದಲು ಒಂದು ತಾಲೀಮು ನಡೆಯುತ್ತದೆ. ತೊಡೆಯ ಇಲ್ಲವೆ ಮಣಿಕಟ್ಟಿನ ನಾಳದಿಂದ ಸಪೂರ ಕೊಳವೆ ತೂರಿಸಿ ಲಿವರಿನ ನಾಳಗಳ ನಕ್ಷೆ ತೆಗೆಯುತ್ತಾರೆ. ಪರೀಕ್ಷೆಯ ಕಣಗಳನ್ನು ಬಿಟ್ಟು, ಶ್ವಾಸಕೋಶಕ್ಕೆ ಎಷ್ಟು ಸೋರುತ್ತದೆಂದು ಅಳೆಯುತ್ತಾರೆ. ಹೆಚ್ಚು ಸೋರಿದರೆ ಚಿಕಿತ್ಸೆಯನ್ನೇ ಕೈಬಿಡಬೇಕಾಗಬಹುದು. ಹೊಟ್ಟೆಯ ಕಡೆಗೆ ಕಣ ಹರಿದರೆ ಹುಣ್ಣಾಗುತ್ತದೆ. ಅದಕ್ಕಾಗಿ ಬೇಕಾದಲ್ಲಿ ಆ ಕವಲನ್ನು ಮೊದಲೇ ಮುಚ್ಚುತ್ತಾರೆ. ನಾಲೆಯ ಕಂಡಿ ಕಟ್ಟಿ ನೀರು ತಿರುಗಿಸಿದಂತೆಯೇ.

ಇನ್ನು ಫಲದ ಮಾತು. ಎಂಟು ಸೆಂಟಿಮೀಟರಿಗೆ ಮೀರದ ಒಂಟಿ ಗಡ್ಡೆಯಿದ್ದು ಲಿವರ್ ಗಟ್ಟಿಯಿದ್ದವರಲ್ಲಿ ಉತ್ತಮ ಫಲ ಕಂಡು, 2021ರಲ್ಲಿ ಅಮೆರಿಕದ ಔಷಧ ಆಡಳಿತ ಗಾಜಿನ ಕಣಗಳಿಗೆ ಪೂರ್ಣ ಒಪ್ಪಿಗೆ ಕೊಟ್ಟಿತು. ಅವರಲ್ಲಿ ಕೆಲವರಿಗೆ ಆಮೇಲೆ ಶಸ್ತ್ರಚಿಕಿತ್ಸೆಯೋ ಲಿವರ್ ಕಸಿಯೋ ಆಯಿತೆಂಬುದನ್ನೂ ಹೇಳಬೇಕು. ರೋಗ ಮುಂದುವರಿದವರಲ್ಲಿ ಕತೆ ಬೇರೆ. ಫ್ರಾನ್ಸಿನಲ್ಲೂ ಏಷ್ಯಾ-ಪೆಸಿಫಿಕ್ ದೇಶಗಳಲ್ಲೂ ನಡೆದು 2017-18ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ, ರಾಳದ ಕಣಗಳನ್ನು ಪಡೆದವರು ಸೊರಾಫೆನಿಬ್ ಮಾತ್ರೆ ನುಂಗಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಅಡ್ಡಪರಿಣಾಮ ಮಾತ್ರ ಕಡಿಮೆಯಿತ್ತು. ಕಾಮಾಲೆ ಏರಿ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಸಾಮಾನ್ಯವಾಗಿ ಇದನ್ನು ಮಾಡುವುದಿಲ್ಲ. ಸೋತ ಲಿವರ್ ವಿಕಿರಣದಿಂದ ಇನ್ನಷ್ಟು ಸೋತೀತು.

ಆದ್ದರಿಂದ ಮುಂಗಡ ಕಟ್ಟುವ ಮೊದಲು ವೈದ್ಯರನ್ನು ಕೇಳತಕ್ಕ ಮಾತುಗಳನ್ನು ಆ ಸದಸ್ಯರಿಗೆ ಹೇಳಿದೆವು. ಗಡ್ಡೆ ಒಂದೋ ಹಲವೋ? ಪೋರ್ಟಲ್ ನಾಳಕ್ಕೆ ಹೊಕ್ಕಿದೆಯೇ? ಲಿವರಿನ ಬಲ ಎಷ್ಟಿದೆ? ಗುಣವಾಗಲೆಂದು ಮಾಡುವುದೋ, ಕೆಲ ಕಾಲ ತಡೆಯಲೆಂದೋ? ತಾಲೀಮಿನಲ್ಲೇ ಬೇಡವೆಂದಾದರೆ ಕಟ್ಟಿದ ಹಣದಲ್ಲಿ ಎಷ್ಟು ವಾಪಸು? ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ಕೊಟ್ಟರೆ ಏನು ವ್ಯತ್ಯಾಸ?

ಅವರು ಅಷ್ಟನ್ನೂ ತೂಕದ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು, ಸಂಜೆಯ ಬಸ್ಸಿಗೆ ಹೊರಟರು.