ಹುಟ್ಟಿದ ನೆಲದಲ್ಲೇ ಹುಟ್ಟಿಗೆ ಪುರಾವೆ

ಸಂತ ಲೂಕನ ಶುಭಸಂದೇಶದಲ್ಲಿ ಪ್ರಭು ಯೇಸುವಿನ ಜನನದ ವೃತ್ತಾಂತವು ಒಂದು ಸರಕಾರಿ ಆಜ್ಞೆಯೊಂದಿಗೆ ಆರಂಭಗೊಳ್ಳುತ್ತದೆ. ಪ್ರಜೆಗಳೆಲ್ಲರೂ ತಂತಮ್ಮ ಮೂಲ ಊರುಗಳಿಗೆ ಹೋಗಿ ಹೆಸರು ಬರೆಯಿಸಿಕೊಳ್ಳಬೇಕೆಂದು ಅಗಸ್ಟಸ್ ಚಕ್ರವರ್ತಿಯು ಆದೇಶ ಹೊರಡಿಸಿದ್ದನು. ಆ ಕಾರಣದಿಂದಲೇ ಸಂತ ಜೋಸೆಫರು ತುಂಬುಗರ್ಭಿಣಿ ಮರಿಯಮ್ಮನವರೊಡನೆ ನಜರೇತಿನಿಂದ ಬೆತ್ಲೆಹೇಮಿಗೆ ಪಯಣಿಸಬೇಕಾಯಿತು. ಕ್ರಿಸ್ತಜಯಂತಿಯಂದು ಗೋದಲಿಯ ಮುಂದೆ ನಿಂತಾಗ ನಾವು ಛತ್ರದಲ್ಲಿ ಸ್ಥಳ ದೊರೆಯದ ಸಂಗತಿಯನ್ನು ನೆನೆಯುತ್ತೇವೆ. ಅವರನ್ನು ಆ ಛತ್ರದ ಬಾಗಿಲಿಗೆ ತಂದು ನಿಲ್ಲಿಸಿದ ಆಜ್ಞೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ರಾಜ್ಯಕ್ಕೆ ದಾಖಲೆ ಬೇಕು, ಆ ದಾಖಲೆಯ ದಾರಿಖರ್ಚನ್ನು ಬಡವನೇ ಭರಿಸಬೇಕು ಎಂಬ ಪದ್ಧತಿ ಅಂದಿನಷ್ಟು ಹಳೆಯದು.

ಇದನ್ನು ಪ್ರಸ್ತಾಪಿಸಲು ಕಾರಣವಾದುದು ಅಮೆರಿಕದ ಒಂದು ಶಾಸನ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲೆಸಿದ್ದಾರೆ, ಹಲವರು ಅಲ್ಲಿನ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಆದುದರಿಂದ ಈ ವಿಷಯ ನಮಗೆ ಪೂರ್ತಿ ಹೊರಗಿನದಲ್ಲ.

ಬಡವರ ಚಿಕಿತ್ಸೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸರಕಾರಗಳು ಹಂಚಿಕೊಂಡು ಭರಿಸುವ ‘ಮೆಡಿಕೇಡ್’ ಎಂಬ ಯೋಜನೆ ಅಲ್ಲಿ 1965ರಲ್ಲಿ ಆರಂಭವಾಯಿತು. 2006ರ ಹೊತ್ತಿಗೆ 5 ಕೋಟಿಗೂ ಮಿಕ್ಕಿದ ಜನರು ಅದರ ಆಶ್ರಯದಲ್ಲಿದ್ದರು. ಅಕ್ರಮವಾಗಿ ನೆಲೆಸಿದವರಿಗೆ ತುರ್ತು ಚಿಕಿತ್ಸೆಯ ಹೊರತು ಈ ಯೋಜನೆಯಲ್ಲಿ ಪಾಲಿರಲಿಲ್ಲ. 1996ರ ಶಾಸನವು ಇತರ ವಲಸಿಗರ ಹಕ್ಕನ್ನೂ ಬಹಳಷ್ಟು ಮೊಟಕುಗೊಳಿಸಿತ್ತು. ತಾನು ದೇಶದ ಪ್ರಜೆಯೆಂದು ಅರ್ಜಿದಾರನು ಲಿಖಿತ ಘೋಷಣೆ ನೀಡಿದರೆ ಬಹುತೇಕ ರಾಜ್ಯಗಳು ಅದನ್ನು ಒಪ್ಪುತ್ತಿದ್ದವು. ಸುಳ್ಳು ಹೇಳಿದವನಿಗೆ ಶಿಕ್ಷೆಯಿತ್ತು. ಹೀಗೆ ಸುಳ್ಳು ಹೇಳಿ ಸೇರಿಕೊಂಡವರು ದೊಡ್ಡ ಸಂಖ್ಯೆಯಲ್ಲಿದ್ದಾರೆಂಬುದಕ್ಕೆ 2005ರಲ್ಲಿ ನಡೆದ ಸರಕಾರಿ ಪರಿಶೀಲನೆಯಲ್ಲಿ ಗಟ್ಟಿಯಾದ ಆಧಾರವೇನೂ ದೊರೆಯಲಿಲ್ಲ.

ಆದರೂ ಅಧ್ಯಕ್ಷ ಜಾರ್ಜ್ ಬುಷ್ ಅವರು 2006ರ ಫೆಬ್ರವರಿ 8ರಂದು ಸಹಿ ಮಾಡಿದ ಶಾಸನದಂತೆ, ಅದೇ ವರ್ಷದ ಜುಲೈ 1ರಿಂದ ಘೋಷಣೆ ಸಾಲದು, ಪಾಸ್‌ಪೋರ್ಟ್ ತರಬೇಕು. ಇಲ್ಲವಾದರೆ ಜನನ ಪ್ರಮಾಣಪತ್ರವನ್ನೂ ಭಾವಚಿತ್ರವಿರುವ ಗುರುತುಪತ್ರವನ್ನೂ ತರಬೇಕು ಎಂದಾಯಿತು. ಅದೂ ಮೂಲಪ್ರತಿ, ಇಲ್ಲವೇ ನೀಡಿದ ಕಚೇರಿಯೇ ದೃಢೀಕರಿಸಿದ ಪ್ರತಿ. ಜೆರಾಕ್ಸ್ ನಡೆಯದು. ಆಗ ವಯಸ್ಕರ ಪಾಸ್‌ಪೋರ್ಟ್ ಶುಲ್ಕ 97 ಡಾಲರ್ ಇತ್ತು. ಔಷಧಿಗೆ ಹಣವಿಲ್ಲವೆಂದು ಸರಕಾರದ ಬಾಗಿಲಿಗೆ ಬಂದವನು ಅಷ್ಟು ಹಣವನ್ನು ಎಲ್ಲಿಂದ ತಂದಾನು? ಗುರುತುಪತ್ರ ಕೇಳಿದರೆ ಜನನ ಪ್ರಮಾಣಪತ್ರ ತೋರಿಸೆಂದೂ, ಜನನ ಪ್ರಮಾಣಪತ್ರ ಕೇಳಿದರೆ ಗುರುತುಪತ್ರ ತೋರಿಸೆಂದೂ ಹೇಳುವ ಕಚೇರಿಗಳ ನಡುವೆ ಬೀದಿಯ ಮೇಲೆ ಮಲಗುವ ನಿರ್ಗತಿಕರು ಸುತ್ತಬೇಕಾಗುತ್ತದೆ. ಲೂಸಿಯಾನಾದಲ್ಲಿ 2005ರ ಆಗಸ್ಟ್‌ನಲ್ಲಿ ಬೀಸಿದ ಕತ್ರಿನಾ ಚಂಡಮಾರುತವು ಸಾವಿರಾರು ಮನೆಗಳನ್ನು ನೀರಿನಲ್ಲಿ ಮುಳುಗಿಸಿತ್ತು. ಅಲ್ಲಿ ಕಾಗದಪತ್ರಗಳು ಒಣಗುವ ಮೊದಲೇ ಎಂಬಂತೆ ಈ ಆಜ್ಞೆ ಬಂದಿತು.

ಹುಟ್ಟಿದ ದಾಖಲೆಯೇ ಇಲ್ಲದವರೂ ಇದ್ದರು. ದಕ್ಷಿಣದ ರಾಜ್ಯಗಳಲ್ಲಿ ಕರಿಯ ಜನಾಂಗದ ಹೆಂಗಸರಿಗೆ ಬಿಳಿಯರ ಆಸ್ಪತ್ರೆಗಳಲ್ಲಿ ಪ್ರವೇಶವಿಲ್ಲದಿದ್ದ ಕಾಲದಲ್ಲಿ ಮಕ್ಕಳು ಮನೆಯಲ್ಲೇ ಸೂಲಗಿತ್ತಿಯರ ಕೈಯಲ್ಲಿ ಹುಟ್ಟುತ್ತಿದ್ದರು. 1939-40ರ ಸುಮಾರಿಗೆ ಹುಟ್ಟಿದ ಕರಿಯರಲ್ಲಿ ಐದರಲ್ಲೊಬ್ಬರ ಜನನ ನೋಂದಣಿಯಾಗಿರಲಿಲ್ಲವೆಂದು ಒಂದು ಅಧ್ಯಯನ ಅಂದಾಜು ಮಾಡಿದೆ. ನಮ್ಮಲ್ಲಿಯೂ ಹಿರಿಯರು ಅನೇಕರ ಜನ್ಮದಿನ ಜೂನ್ 1 ಆಗಿರುವುದರ ಗುಟ್ಟು ಓದುಗರಿಗೆ ತಿಳಿಯದ್ದೇನಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದದ್ದೇ ಹುಟ್ಟು! ನಗುವ ವಿಷಯವೇನೋ ಹೌದು. ಆದರೆ ಅಂಥ ಕಾಗದದ ಮೇಲೆ ಔಷಧಿ ಅವಲಂಬಿಸಿದ್ದರೆ ನಗು ಬಾರದು.

ಶಾಸನ ಜಾರಿಗೊಳ್ಳುವ ಹೊತ್ತಿಗೇ ಸರಕಾರ ಒಂದೊಂದಾಗಿ ಹಿಂದೆ ಸರಿಯಬೇಕಾಯಿತು. 2006ರ ಜುಲೈಯಲ್ಲಿ, ಇತರ ಸರಕಾರಿ ಯೋಜನೆಗಳಲ್ಲಿ ಆಗಲೇ ಇದ್ದ ವೃದ್ಧರಿಗೂ ಅಂಗವಿಕಲರಿಗೂ ವಿನಾಯಿತಿ ದೊರೆಯಿತು. ಡಿಸೆಂಬರಿನಲ್ಲಿ ಸಾಕುಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ. ಅತ್ಯಂತ ವಿಚಿತ್ರವಾದದ್ದು ನವಜಾತ ಶಿಶುಗಳ ಸಂಗತಿ. ಅಮೆರಿಕದ ಆಸ್ಪತ್ರೆಯಲ್ಲಿ, ಇದೇ ಮೆಡಿಕೇಡ್ ಹಣದಿಂದ ಹೆರಿಗೆಯಾದ ಕೂಸು. ಆದರೆ ತಾಯಿ ತುರ್ತು ಚಿಕಿತ್ಸೆಯ ಮೇರೆಗೆ ದಾಖಲಾದವಳು. ಅಂಥ ಕೂಸು ತಾನು ಅಮೆರಿಕದಲ್ಲಿ ಹುಟ್ಟಿದೆನೆಂದು ಕಾಗದ ತರಬೇಕು! ಆಸ್ಪತ್ರೆಯ ಬಿಲ್ಲನ್ನು ಪಾವತಿಮಾಡಿದ ಇಲಾಖೆಗೇ ಹೆರಿಗೆ ಎಲ್ಲಾಯಿತೆಂದು ತಿಳಿಯದೇ? ಮಕ್ಕಳ ವೈದ್ಯರ ಪ್ರತಿಭಟನೆಯ ಬಳಿಕ 2007ರ ಮಾರ್ಚ್‌ನಲ್ಲಿ ಈ ನಿಯಮವನ್ನು ಕೈಬಿಡಲಾಯಿತು. ಜೀವನದ ಮೊದಲ ವಾರಗಳಲ್ಲಿ ಶಿಶುವಿಗೆ ಲಸಿಕೆ, ತಪಾಸಣೆ ಎಷ್ಟು ಮುಖ್ಯವೆಂಬುದನ್ನು ತಾಯಂದಿರಿಗೆ ನಾವು ವಿವರಿಸಬೇಕಾಗಿಲ್ಲ.

ಇನ್ನು ಲೆಕ್ಕಾಚಾರ. ಸಾರ್ವಜನಿಕ ಹಣವು ಅರ್ಹರಿಗೇ ಸಲ್ಲಬೇಕೆಂಬ ವಾದದಲ್ಲಿ ತಪ್ಪಿಲ್ಲ. ತೆರಿಗೆ ತೆರುವವನು ಲೆಕ್ಕ ಕೇಳುವುದು ನ್ಯಾಯವೇ. ಆ ನ್ಯಾಯದ ತಕ್ಕಡಿಯಲ್ಲೇ ಇದನ್ನು ತೂಗೋಣ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2007ರ ಜೂನ್‌ನಲ್ಲಿ ವರದಿ ನೀಡಿತು. ಉತ್ತರಿಸಿದ 44 ರಾಜ್ಯಗಳಲ್ಲಿ 22 ರಾಜ್ಯಗಳು, ಈ ನಿಯಮದಿಂದಾಗಿ ಫಲಾನುಭವಿಗಳ ಸಂಖ್ಯೆ ಇಳಿಯಿತೆಂದು ತಿಳಿಸಿದ್ದವು. ಹೊರಬಿದ್ದವರಲ್ಲಿ ಅರ್ಹ ಪ್ರಜೆಗಳೇ ಇದ್ದರೆಂಬುದು ಅವುಗಳಲ್ಲಿ ಹೆಚ್ಚಿನವುಗಳ ಅಭಿಪ್ರಾಯ. ಒಂದೇ ರಾಜ್ಯದಲ್ಲಿ ಏಳು ತಿಂಗಳೊಳಗೆ 18,000 ಮಂದಿಗೆ ಸೌಲಭ್ಯ ತಪ್ಪಿತು. ಸಂಸತ್ ಸಮಿತಿಯೊಂದು ಆರು ರಾಜ್ಯಗಳ ಲೆಕ್ಕವನ್ನು ಪ್ರತ್ಯೇಕವಾಗಿ ತರಿಸಿ ನೋಡಿತು. ಸುಮಾರು 36 ಲಕ್ಷ ಜನರ ಕಾಗದಗಳನ್ನು ಪರಿಶೀಲಿಸಲಾಗಿತ್ತು. ಆಡಳಿತ ವೆಚ್ಚ 1 ಕೋಟಿ 60 ಲಕ್ಷ ಡಾಲರಿಗೂ ಹೆಚ್ಚು. ಸಿಕ್ಕಿಬಿದ್ದ ಅಕ್ರಮ ವಲಸಿಗರು ಎಷ್ಟು ಮಂದಿ? ಎಂಟು. ಕೇಂದ್ರವು ಖರ್ಚು ಮಾಡಿದ ಪ್ರತಿ 100 ಡಾಲರಿಗೆ ಉಳಿತಾಯವೆಂದು ತೋರಿಸಬಹುದಾದದ್ದು 14 ಸೆಂಟ್. ಹೆಗ್ಗಣ ಹಿಡಿಯಲು ಮನೆಯನ್ನೇ ಅಗೆದರೂ ಇಷ್ಟು ನಷ್ಟವಾಗುತ್ತಿರಲಿಲ್ಲವೇನೋ.

ಕೊಲರಾಡೊ ರಾಜ್ಯದ ಅನುಭವವೂ ಬೇರೆಯಲ್ಲ. ರಾಜ್ಯದ ಸೌಲಭ್ಯ ಬಯಸುವ ವಯಸ್ಕರೆಲ್ಲರೂ ತಮ್ಮ ವಾಸ ಕಾನೂನುಬದ್ಧವೆಂದು ರುಜುವಾತುಪಡಿಸಬೇಕೆಂದು 2006ರ ಜುಲೈಯಲ್ಲಿ ವಿಶೇಷ ಅಧಿವೇಶನ ಕರೆದು ಅಲ್ಲಿ ಶಾಸನ ಮಾಡಲಾಯಿತು. ಆರು ತಿಂಗಳ ಬಳಿಕ 18 ಇಲಾಖೆಗಳು ಕೊಟ್ಟ ಲೆಕ್ಕದಂತೆ ಖರ್ಚು 20 ಲಕ್ಷ ಡಾಲರಿಗೂ ಮೇಲೆ. ಉಳಿತಾಯದ ಅಂಕಿಯನ್ನು ತೋರಿಸಲು ಯಾವ ಇಲಾಖೆಗೂ ಸಾಧ್ಯವಾಗಲಿಲ್ಲ.

ಹೀಗಾಗುವುದಕ್ಕೆ ಕಾರಣ ಸರಳ. ಅಕ್ರಮವಾಗಿ ನೆಲೆಸಿದವನು ಸರಕಾರಿ ಕಚೇರಿಯ ಬಳಿ ಸುಳಿಯುವುದೇ ಅಪರೂಪ. ಸಿಕ್ಕಿಬೀಳುವ ಭಯವೇ ಅವನನ್ನು ದೂರವಿಡುತ್ತದೆ. ಧೈರ್ಯದಿಂದ ಬಾಗಿಲು ತಟ್ಟುವವನು ಆ ದೇಶದ ಬಡ ಪ್ರಜೆ. ಬಲೆ ಬೀಸಿದ್ದು ಪರಕೀಯನಿಗಾದರೂ ಅದರಲ್ಲಿ ಸಿಲುಕಿದವರು ಮನೆಯ ಮಕ್ಕಳೇ. ಚಿಕಿತ್ಸೆ ತಪ್ಪಿದ ಮಾತ್ರಕ್ಕೆ ರೋಗವೂ ತಪ್ಪುವುದಿಲ್ಲ. ಮಧುಮೇಹಿಗೆ ಇನ್ಸುಲಿನ್ ನಿಂತರೆ ಕೆಲವು ದಿನಗಳಲ್ಲಿ ಅವನು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುತ್ತಾನೆ. 1986ರ ಕಾನೂನಿನಂತೆ ಅಲ್ಲಿ ಅವನನ್ನು ತಿರಸ್ಕರಿಸುವಂತಿಲ್ಲ. ಆ ಭಾರ ಆಸ್ಪತ್ರೆಗಳ ಮೇಲೆ, ಕನ್ಯಾಸ್ತ್ರೀಯರು ಕಟ್ಟಿ ಬೆಳೆಸಿದ ಕಥೋಲಿಕ ಆಸ್ಪತ್ರೆಗಳೂ ಸೇರಿದಂತೆ, ಬೀಳುತ್ತದೆ. ಪೋಪ್ 23ನೇ ಜಾನ್‌ರವರು 1963ರಲ್ಲಿ ಹೊರಡಿಸಿದ ‘ಪಾಚೆಮ್ ಇನ್ ತೆರಿಸ್’ ವಿಶ್ವಪತ್ರದಲ್ಲಿ ವೈದ್ಯಕೀಯ ಆರೈಕೆಯನ್ನು ಮನುಷ್ಯನ ಹಕ್ಕುಗಳ ಸಾಲಿನಲ್ಲಿ ಸೇರಿಸಿದ್ದಾರೆ. ಪ್ರಜೆಯ ಹಕ್ಕೆಂದಲ್ಲ, ಮನುಷ್ಯನ ಹಕ್ಕೆಂದು.

2009ರ ಶಾಸನವು ಹೊಸ ದಾರಿ ತೆರೆಯಿತು. 2010ರ ಜನವರಿಯಿಂದ ರಾಜ್ಯಗಳು ಅರ್ಜಿದಾರನ ಹೆಸರನ್ನೂ ಸಾಮಾಜಿಕ ಭದ್ರತಾ ಸಂಖ್ಯೆಯನ್ನೂ ಸರಕಾರದ ಬಳಿಯೇ ಇರುವ ದಾಖಲೆಗಳೊಡನೆ ಹೋಲಿಸಿ ನೋಡಬಹುದಾಯಿತು. ಪುರಾವೆ ಹುಡುಕುವ ಹೊಣೆ ಬಹುಮಟ್ಟಿಗೆ ಬಡವನ ಹೆಗಲಿನಿಂದ ಕಚೇರಿಯ ಗಣಕಯಂತ್ರಕ್ಕೆ ವರ್ಗವಾಯಿತು. ಮೊದಲೇ ಹೀಗೆ ಮಾಡಬಹುದಿತ್ತು. ಆದರೆ ಶಂಕೆ ಹೋಗಿಲ್ಲ: ಪೌರತ್ವ ಅಥವಾ ವಲಸೆಯ ಸ್ಥಿತಿ ದೃಢಪಡದವರ ಪಟ್ಟಿಯನ್ನು ತಿಂಗಳು ತಿಂಗಳು ಕಳುಹಿಸಿ ಮರುತನಿಖೆ ಮಾಡಿಸುವ ಕ್ರಮವನ್ನು ಕೇಂದ್ರವು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು.

ನಮ್ಮ ಧರ್ಮಕೇಂದ್ರಗಳ ಜ್ಞಾನಸ್ನಾನದ ದಫ್ತರಗಳನ್ನು ನೆನಪಿಗೆ ತರುವ ಒಂದು ಅಂಶವೂ ಈ ಕಥೆಯಲ್ಲಿದೆ. 2007ರಲ್ಲಿ ನಿಯಮಗಳನ್ನು ಅಂತಿಮಗೊಳಿಸಿದಾಗ, ಜನನವಾದ ಮೂರು ತಿಂಗಳೊಳಗೆ ಧಾರ್ಮಿಕ ಸಂಸ್ಥೆಯು ಬರೆದಿಟ್ಟ ಅಧಿಕೃತ ದಾಖಲೆಯನ್ನು ಪುರಾವೆಯಾಗಿ ಒಪ್ಪಲಾಯಿತು. ಶಿಶುವಿಗೆ ಬೇಗನೆ ಜ್ಞಾನಸ್ನಾನ ಕೊಡಿಸುವ ಕಥೋಲಿಕರಿಗೆ ಇದು ನೆರವಾಯಿತು. ಆದರೆ ದಕ್ಷಿಣದ ಕರಿಯ ಕ್ರೈಸ್ತರಲ್ಲಿ ಬಹುಮಂದಿ ಬ್ಯಾಪ್ಟಿಸ್ಟ್ ಪಂಗಡದವರು. ಅವರು ಶಿಶುಗಳಿಗೆ ದೀಕ್ಷಾಸ್ನಾನ ನೀಡುವುದಿಲ್ಲ. ಅವರ ಎಷ್ಟೋ ಮನೆಗಳಲ್ಲಿ ಮಕ್ಕಳ ಹುಟ್ಟನ್ನು ಕುಟುಂಬದ ಪವಿತ್ರ ಬೈಬಲ್ಲಿನ ಹಾಳೆಯಲ್ಲಿ ಬರೆದಿಡುತ್ತಿದ್ದರು. ಕುಟುಂಬದ ಬೈಬಲ್ಲಿನಲ್ಲಿ ಬರೆದದ್ದನ್ನು ಧಾರ್ಮಿಕ ದಾಖಲೆಯಾಗಿ ಪರಿಗಣಿಸಲಾಗದೆಂದು ಅದೇ ನಿಯಮ ಸ್ಪಷ್ಟವಾಗಿ ಹೇಳಿತು. ಅಂಥವರಿಗೆ ಕೊನೆಗೆ ಉಳಿದ ದಾರಿ ಇಬ್ಬರು ಸಾಕ್ಷಿಗಳ ಪ್ರಮಾಣಪತ್ರ: ಒಬ್ಬರಾದರೂ ಬಂಧುವಲ್ಲದವರಾಗಿರಬೇಕು, ಹುಟ್ಟಿನ ಸಂಗತಿಯನ್ನು ಸ್ವತಃ ಬಲ್ಲವರಾಗಿರಬೇಕು, ಜೊತೆಗೆ ತಾವೂ ಅಮೆರಿಕದ ಪ್ರಜೆಗಳೆಂಬುದಕ್ಕೆ ಕಾಗದ ತೋರಿಸಬೇಕು.