ಒದ್ದೆಯ ಕಾಡಿನಲ್ಲಿ ಬೆಂಕಿ

ಬೆಂಕಿಪೆಟ್ಟಿಗೆಯೊಂದು ಕೈಯಲ್ಲಿದ್ದರೆ ಬೆಂಕಿಯೂ ಕೈಯಲ್ಲಿದ್ದಂತೆ ಎಂದು ನಾವು ಬಹುಕಾಲ ನಂಬಿದ್ದೆವು. ಆ ನಂಬಿಕೆಯು ಮುರಿದದ್ದು ಶಿರಸಿಯ ಸೀಮೆಯಲ್ಲಿ, ನಮ್ಮ ಭಾವನವರ ತೋಟದ ಮೇಲಣ ಗುಡ್ಡದಲ್ಲಿ. ಕಾರ್ತಿಕದ ಒಂದು ಸಂಜೆ ಅಕಾಲದ ಮಳೆ ಸುರಿದು ಹಳ್ಳವು ತುಂಬಿತು, ಮನೆಗೆ ಮರಳುವಂತಿರಲಿಲ್ಲ. ತೊಯ್ದ ಮಕ್ಕಳಿಬ್ಬರು ಬಂಡೆಯ ಮರೆಯಲ್ಲಿ ನಡುಗುತ್ತ ಕುಳಿತಿದ್ದರು. ಕಿರಿಯವನ ತುಟಿ ನೀಲಿಯಾಗಿತ್ತು. ಪೆಟ್ಟಿಗೆಯಲ್ಲಿದ್ದುವು ಏಳೇ ಕಡ್ಡಿಗಳು. ನೆಲದ ತರಗೆಲೆಗಳನ್ನು ಗುಡ್ಡೆಮಾಡಿ ಅವಸರದಿಂದ ನಾಲ್ಕನ್ನು ಗೀರಿದೆವು. ಬಂದದ್ದು ಹೊಗೆ ಮಾತ್ರ.

“ಭಾವಾ, ಮಳೆ ಬಂದಮೇಲೆ ನೆಲ ನೋಡಿ ಫಲವಿಲ್ಲ, ಮೇಲೆ ನೋಡಬೇಕು” ಎಂದು ಅವರು ಪೆಟ್ಟಿಗೆಯನ್ನು ತೆಗೆದುಕೊಂಡರು.

ನೆಲದ ಎಲೆಯು ನೀರನ್ನು ಹೀರಿರುತ್ತದೆ. ಆ ನೀರು ಆವಿಯಾಗಿ ತೀರುವವರೆಗೆ ಎಲೆಯ ಕಾವು 100 ಡಿಗ್ರಿಯನ್ನು ಬಹಳ ಮೀರದು. ಹೊತ್ತಿಕೊಳ್ಳಲು ಅದರ ಎರಡು ಮೂರು ಪಟ್ಟು ಕಾವು ಬೇಕು. ಕಡ್ಡಿಯ ಅಲ್ಪಾಯುಷ್ಯವೆಲ್ಲ ನೀರು ಕಾಯಿಸುವುದರಲ್ಲಿಯೇ ಮುಗಿಯುವುದು.

ಭಾವನವರು ಎಳೆಯ ಬೈನೆಯ ಮರವೊಂದನ್ನು ಹುಡುಕಿದರು. ಬೇರೆ ಕಡೆ ಬಗನಿ ಎನ್ನುವುದೂ ಇದನ್ನೇ. ಇದರ ಗರಿಯ ಬುಡದ ಸಂದಿಯಲ್ಲಿ ಕಂದುಬಣ್ಣದ, ಉಣ್ಣೆಯಂತಹ ಜುಂಗು ಇರುತ್ತದೆ. ಮರೆಯಲ್ಲಿರುವುದರಿಂದ ಬೇಗನೆ ತೋಯದು. ಚಕಮಕಿಯ ಕಾಲದಲ್ಲಿ ಹಿರಿಯರು ಕಿಡಿ ಹಿಡಿಯುತ್ತಿದ್ದುದು ಇಂಥದರಲ್ಲಿ, ಇಲ್ಲವೆ ಬೂರುಗದ ಅರಳೆಯಲ್ಲಿ. ಧೂಪದ ಮರದ ಗಾಯದಲ್ಲಿ ಹೆಪ್ಪುಗಟ್ಟಿದ ರಾಳದ ಚೂರೊಂದು ದೊರೆತುದು ನಮ್ಮ ಅದೃಷ್ಟ. ರಾಳವು ನೀರು ಹೀರುವ ವಸ್ತುವಲ್ಲ. ಮರದ ಮೇಲೆಯೇ ಒಣಗಿ ನಿಂತ ಪುಳ್ಳೆಗಳನ್ನು ಅವರು ಮುರಿದು ನೋಡಿದರು. ಚಟ್ಟೆಂದುದನ್ನು ಇಟ್ಟುಕೊಂಡು, ಬಾಗಿದುದನ್ನು ಎಸೆದರು. ಒಣಗಿ ನಿಂತ ಬಿದಿರನ್ನು ಸೀಳಿ, ಒಳಮೈಯನ್ನು ಕತ್ತಿಯಿಂದ ತೆಳ್ಳಗೆ ಹೆರೆದು ಸುರುಳಿಗಳನ್ನು ಮಾಡಿದರು. ಬಿದಿರನ್ನು ಸೀಳದೆ ಬೆಂಕಿಗಿಡಲೇಬಾರದು. ಗೆಣ್ಣುಗಳ ನಡುವೆ ಸಿಕ್ಕಿದ ಗಾಳಿಯೂ ಆವಿಯೂ ಹಿಗ್ಗಿ ಕೋವಿಯಂತೆ ಸಿಡಿಯುವುದು, ಸುತ್ತ ಮಕ್ಕಳಿದ್ದರಂತೂ ಅಪಾಯ.

ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಿತು. ಮಕ್ಕಳನ್ನು ನೋಡುತ್ತ ನಾವು ಎರಡು ಸಲ ಅವಸರಪಡಿಸಿದೆವು; ಅವರು ಕಿವಿಗೊಡಲಿಲ್ಲ. ನಾಲ್ಕು ಕಟ್ಟಿಗೆಗಳನ್ನು ನೆಲಕ್ಕೆ ಹಾಸಿ, ಅದರ ಮೇಲೆ ಜುಂಗು, ರಾಳ, ಸುರುಳಿ, ಸೂಜಿಯಷ್ಟು ಸಣ್ಣ ಪುಳ್ಳೆ, ಆಮೇಲೆ ಬೆರಳಿನಷ್ಟು ದಪ್ಪದವು, ಗಾಳಿಯಾಡುವಂತೆ ಸಡಿಲವಾಗಿ ಜೋಡಿಸಿ, ಒಂದು ಕಡ್ಡಿ ಗೀರಿದರು. ಅದೇ ಸಾಕಾಯಿತು.

ಅದು ಸ್ವಂತ ಗುಡ್ಡವೆಂದು ಈ ಮಾತು. ಕಾದಿಟ್ಟ ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದನ್ನು 1963ರ ಅರಣ್ಯ ಕಾಯಿದೆಯು ನಿಷೇಧಿಸುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುದನ್ನು ಬಲ್ಲವರಿಗೆ ಕಾರಣವನ್ನು ಹೇಳಬೇಕಾಗಿಲ್ಲ.

ಹಳ್ಳವು ಇಳಿದಾಗ ರಾತ್ರಿ ಹತ್ತು ಗಂಟೆ. ಭಾವನವರು ಕೆಂಡಕ್ಕೆ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಬೂದಿಯ ಮೇಲೆ ಅಂಗೈಯಿಟ್ಟು ನೋಡಿದ ಮೇಲೆಯೇ ಹೊರಟರು. ಉಳಿದ ಎರಡು ಕಡ್ಡಿಗಳನ್ನು ಪೆಟ್ಟಿಗೆಸಹಿತ ತಮ್ಮಲ್ಲಿಯೇ ಇಟ್ಟುಕೊಂಡರು.