ಹೊಸ ಸೈಲೆನ್ಸರು ಏಕೆ ಝೇಂಕರಿಸುತ್ತದೆ?

ಮೋಟಾರು ಗಾಡಿ ಓಡಿಸಿ ಸಂಸಾರ ಸಾಗಿಸುವ ಬಂಧುಗಳು ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಕಡಮೆಯಿಲ್ಲ. ಟ್ಯಾಕ್ಸಿಯವರು, ಸಾಹುಕಾರರ ಕಾರು ಓಡಿಸುವವರು, ಕಂತಿನ ಮೇಲೆ ಹಳೆಯ ಕಾರೊಂದನ್ನು ಕೊಂಡ ಗುಮಾಸ್ತರು, ಇವರೆಲ್ಲರ ಬಾಯಿಂದ ಆಗಾಗ ಕೇಳಿಬರುವ ದೂರೊಂದಿದೆ. “ಹಳೆಯ ಸೈಲೆನ್ಸರು ತುಕ್ಕು ಹಿಡಿದು ತೂತುಬಿತ್ತು. ಕಂಪೆನಿಯದು ದುಬಾರಿಯೆಂದು ಹೊರಗಿನದು ಹಾಕಿಸಿದೆ. ವಾರ ಕಳೆಯುವುದರೊಳಗೆ ಗಾಡಿಯ ಅಡಿಯಿಂದ ಜರ್ರ್ ಎಂಬ ಸದ್ದು ಶುರುವಾಯಿತು. ಈಗ ಗ್ಯಾರೇಜಿನವನು ಇದನ್ನೂ ಬಿಚ್ಚಿ ಇನ್ನೊಂದು ಹಾಕಬೇಕೆನ್ನುತ್ತಾನೆ.” ಮಾಲನ್ನು ಮುಂಬಯಿಯ ಕುರ್ಲಾದಲ್ಲಿ ಕೊಂಡಿರಲಿ, ಚೆನ್ನೈಯ ಪುದುಪೇಟೆಯಲ್ಲಿ ಕೊಂಡಿರಲಿ, ದಿಲ್ಲಿಯ ಕಾಶ್ಮೀರಿ ಗೇಟಿನಲ್ಲಿ ಕೊಂಡಿರಲಿ, ದೂರು ಮಾತ್ರ ಒಂದೇ. ಇನ್ನೊಂದು ಹಾಕಿಸುವುದಕ್ಕೆ ಮುಂಚೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ಸದ್ದಿನ ಮೂಲವನ್ನು ಹುಡುಕಿರೆಂದು ನಾವು ಹೇಳುತ್ತೇವೆ. ಬಹುಮಟ್ಟಿಗೆ ಒಂದು ಕ್ಲಿಪ್ಪಿನ ಇಲ್ಲವೆ ಒಂದು ರಬ್ಬರಿನ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಕೆಲವೊಮ್ಮೆ ಮಾತ್ರ ಅದು ಪ್ರಾಣಕ್ಕೆ ಸಂಬಂಧಪಟ್ಟ ಸದ್ದು.

ಝೇಂಕಾರವೆಂದರೇನೆಂಬುದನ್ನು ರೈಲು ಹಳಿಯ ಪಕ್ಕದ ಚಾಳಿನಲ್ಲಿ ಇದ್ದವರಿಗೆ ಹೇಳಿಕೊಡಬೇಕಾಗಿಲ್ಲ. ಲೋಕಲ್ ಗಾಡಿ ಹಾದುಹೋಗುವಾಗ ಅಡಿಗೆಮನೆಯ ಹಲಗೆಯ ಮೇಲಿನ ಒಂದೇ ಒಂದು ತಟ್ಟೆ ಜರ್ರ್ ಎನ್ನುತ್ತದೆ. ಪಕ್ಕದ ತಟ್ಟೆಗಳು ಸುಮ್ಮನಿರುತ್ತವೆ. ಆ ತಟ್ಟೆಯ ಮೇಲೆ ಬೆರಳಿಟ್ಟರೆ ಸದ್ದು ಥಟ್ಟನೆ ನಿಲ್ಲುತ್ತದೆ. ಒಂದಂಗುಲ ಆಚೆ ಸರಿಸಿದರೂ ನಿಲ್ಲುತ್ತದೆ. ತಟ್ಟೆಯಲ್ಲಿ ಯಾವ ದೋಷವೂ ಇಲ್ಲವಷ್ಟೆ. ಅದು ಗೋಡೆಯನ್ನೋ ಪಕ್ಕದ ಪಾತ್ರೆಯನ್ನೋ ಗಟ್ಟಿಯಾಗಿ ಒತ್ತಿಕೊಂಡೂ ಇಲ್ಲ, ಪೂರ್ತಿ ಬಿಟ್ಟೂ ಇಲ್ಲ. ಆ ಕೂದಲೆಳೆಯ ಸಂದಿನಲ್ಲಿ ಸದ್ದು ಹುಟ್ಟುತ್ತದೆ. ಸಂಗೀತಗಾರರು ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆ ಸಿಕ್ಕಿಸಿ ಅತ್ತಿತ್ತ ಸರಿಸಿ ಜೀವಾಳಿ ಕೂಡಿಸುವುದೂ ಇದೇ ತತ್ತ್ವದ ಮೇಲೆಯೇ: ತಂತಿ ಕುದುರೆಯನ್ನು ಸವರಿಕೊಂಡು ನಡುಗಬೇಕು. ತಂಬೂರಿಯಲ್ಲಿ ಶ್ರಮಪಟ್ಟು ಬರಿಸುವುದನ್ನು ಸೈಲೆನ್ಸರು ಬೇಡವೆಂದರೂ ಮಾಡಿ ತೋರಿಸುತ್ತದೆ.

ನಡುಕ ಹುಟ್ಟಿಸುವುದು ಎಂಜಿನು. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಪ್ರತಿ ಸುತ್ತಿಗೆ ಎರಡು ಸಲ ಇಂಧನ ಉರಿಯುತ್ತದೆ. ಉರಿದ ಹೊಗೆ ಅಷ್ಟು ಸಲ ಕೊಳವೆಗೆ ಗುದ್ದುತ್ತದೆ. ನಿಮಿಷಕ್ಕೆ ೧೮೦೦ ಸುತ್ತಾದರೆ ಸೆಕೆಂಡಿಗೆ ೬೦ ಗುದ್ದು, ೩೦೦೦ ಸುತ್ತಾದರೆ ೧೦೦ ಗುದ್ದು. ೨೦೨೩ರಲ್ಲಿ ಮುಂಬಯಿಯ ಬೀದಿಗಳಿಂದ ಬೀಳ್ಕೊಂಡ ಕಾಳಿಪೀಲಿ ಪದ್ಮಿನಿ ನಾಲ್ಕು ಸಿಲಿಂಡರಿನದು. ೧೯೮೩ರಲ್ಲಿ ಬಂದ ಮಾರುತಿ ೮೦೦ ಮೂರು ಸಿಲಿಂಡರಿನದು. ಅದರಲ್ಲಿ ೩೦೦೦ ಸುತ್ತಿಗೆ ಸೆಕೆಂಡಿಗೆ ೭೫ ಗುದ್ದು ಮಾತ್ರ. ಗಾಡಿಯ ಅಡಿಯಲ್ಲಿರುವ ಒಂದೊಂದು ತಗಡಿಗೂ, ಒಂದೊಂದು ಪಟ್ಟಿಗೂ ತನ್ನದೇ ಆದ ಸ್ವರವುಂಟು. ಎಂಜಿನಿನ ಗುದ್ದು ಆ ಸ್ವರಕ್ಕೆ ಹೊಂದಿದ ಕ್ಷಣದಲ್ಲಿ ತಗಡು ಕುಣಿಯತೊಡಗುತ್ತದೆ. ವೇಗ ಸ್ವಲ್ಪ ಏರಿದರೆ ಇಲ್ಲವೆ ಇಳಿದರೆ ಸುಮ್ಮನಾಗುತ್ತದೆ. ಆದುದರಿಂದಲೇ “ಮೂರನೆಯ ಗೇರಿನಲ್ಲಿ ನಲವತ್ತಕ್ಕೆ ಬಂದಾಗ ಮಾತ್ರ ಸದ್ದು” ಎಂದು ಚಾಲಕರು ಹೇಳುವುದು. ಅದನ್ನು ಭ್ರಮೆಯೆಂದು ನಗುವ ಮೆಕ್ಯಾನಿಕ್ಕನಿಗೆ ಗಾಡಿ ಕೊಡುವುದಕ್ಕೆ ಮುಂಚೆ ಎರಡು ಸಲ ಯೋಚಿಸಿ. ಅವನು ನಕ್ಕ ಮಾತಿನಲ್ಲಿಯೇ ಅರ್ಧ ಉತ್ತರವಿದೆ.

ಹಾಗಾದರೆ ಕಂಪೆನಿಯ ಸೈಲೆನ್ಸರು ಸುಮ್ಮನಿದ್ದು ಹೊರಗಿನದು ಏಕೆ ಹಾಡುತ್ತದೆ? ಹೊರಗಿನದೆಲ್ಲ ಕಳಪೆಯೆಂದು ನಾವು ಹೇಳುವುದಿಲ್ಲ. ಒಳ್ಳೆಯ ಕೆಲಸಗಾರ ಬೆಸೆದದ್ದು ಬಹುಕಾಲ ಬಾಳುತ್ತದೆ. ಆದರೆ ಗಾಡಿ ಮಾಡಿದವರು ಕೊಳವೆಯ ಬಾಗು, ಕೊಕ್ಕೆಗಳ ಸ್ಥಾನ, ರಬ್ಬರುಗಳ ಮೆತುತನ ಇವನ್ನೆಲ್ಲ ಆ ಒಂದು ಗಾಡಿಗೆಂದೇ ಗೊತ್ತುಮಾಡಿರುತ್ತಾರೆ. ಹೊರಗಿನದನ್ನು ಹಲವು ಮಾದರಿಗಳಿಗೆ ಹೊಂದುವಂತೆ ಮಾಡಿರುತ್ತಾರೆ. ಅಲ್ಲೊಂದು ಇಲ್ಲೊಂದು ಬೆರಳು ಅಗಲದ ವ್ಯತ್ಯಾಸವನ್ನು ಫಿಟ್ಟರನು ಸುತ್ತಿಗೆಯಿಂದಲೂ ವೆಲ್ಡಿಂಗಿನಿಂದಲೂ ಸರಿದೂಗಿಸುತ್ತಾನೆ. ತಗಡು ತೆಳುವಾಗಿದ್ದರೆ ಬೇಗ ನಡುಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯದನ್ನು ಬಿಚ್ಚುವಾಗ ಮೇಲಿದ್ದ ಹೀಟ್ ಶೀಲ್ಡನ್ನು, ಎಂದರೆ ಬಿಸಿ ಗಾಡಿಯ ಮೈಗೆ ತಟ್ಟದಂತೆ ಅಡ್ಡವಿಟ್ಟ ತಗಡಿನ ಹೊದಿಕೆಯನ್ನು, ಅಲುಗಾಡಿಸಿರುತ್ತಾರೆ. ತುಕ್ಕು ತಿಂದ ಅದರ ಬೋಲ್ಟು ಮುರಿದರೆ ಉಳಿದ ಎರಡರ ಮೇಲೆಯೇ ತೂಗಬಿಡುತ್ತಾರೆ. ನಮ್ಮ ಅನುಭವದಲ್ಲಿ ಜರ್ರ್ ಎಂಬ ತೆಳುಸದ್ದಿನ ಮೊದಲ ಆರೋಪಿ ಈ ಹೊದಿಕೆಯೇ.

ಬಿಸಿಯ ಆಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಕ್ಕು ಒಂದು ಡಿಗ್ರಿ ಬಿಸಿಯೇರಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ೧೨ ಪಾಲು ಹಿಗ್ಗುತ್ತದೆ. ಅತ್ಯಲ್ಪವೆನಿಸುತ್ತದೆ. ಆದರೆ ೩ ಮೀಟರು ಉದ್ದದ ಕೊಳವೆ ೩೦೦ ಡಿಗ್ರಿ ಬಿಸಿಯೇರಿದಾಗ ಹಿಗ್ಗುವುದು ಹೆಚ್ಚುಕಡಮೆ ೧ ಸೆಂಟಿಮೀಟರು! ಗಾಡಿ ತಣ್ಣಗಿರುವಾಗ ಗ್ಯಾರೇಜಿನಲ್ಲಿ ಅರ್ಧ ಸೆಂಟಿಮೀಟರು ಸಂದು ಬಿಟ್ಟು ಕೂಡಿಸಿದ ಕೊಳವೆ, ದಾದರಿನಿಂದ ಠಾಣೆ ಮುಟ್ಟುವುದರೊಳಗೆ ಗಾಡಿಯ ಮೈಯನ್ನು ಸವರತೊಡಗುತ್ತದೆ. ತಿರುಗಿ ಗ್ಯಾರೇಜಿಗೆ ಒಯ್ದು ಒಂದು ಗಂಟೆ ಕಾದು ತೋರಿಸಿದರೆ ಸದ್ದೇ ಇಲ್ಲ. ಚಾಲಕ ಸುಳ್ಳುಗಾರನಾಗುತ್ತಾನೆ.

ಇನ್ನು ಹುಡುಕುವ ಕ್ರಮ. ಮೊದಲು ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲಿನಲ್ಲಿಟ್ಟು, ಎಂಜಿನಿನ ವೇಗವನ್ನು ನಿಧಾನವಾಗಿ ಏರಿಸುತ್ತ ಹೋಗಿ. ನಿಂತಲ್ಲಿಯೇ ಸದ್ದು ಬಂದರೆ ಚಕ್ರ, ಬೇರಿಂಗು, ಬ್ರೇಕುಗಳ ಮೇಲಿನ ಸಂಶಯ ಬಹುಮಟ್ಟಿಗೆ ಕಳೆಯಿತು. ನಿಂತಾಗ ಬಾರದೆ ಕ್ಲಚ್ಚು ಬಿಟ್ಟು ಎಳೆಯುವಾಗ ಮಾತ್ರ ಬಂದರೆ, ಎಳೆತಕ್ಕೆ ಎಂಜಿನು ತನ್ನ ರಬ್ಬರು ಮೌಂಟಿಂಗುಗಳ ಮೇಲೆ ವಾಲಿ ಕೊಳವೆಯನ್ನು ಯಾವುದಕ್ಕೋ ತಾಗಿಸುತ್ತಿದೆ ಎಂದು ತಿಳಿಯಬೇಕು. ಗುಂಡಿ ಬಿದ್ದ ರಸ್ತೆಯಲ್ಲಿ ಮಾತ್ರ ಗಡಗಡಿಸಿದರೆ ತೂಗುವ ರಬ್ಬರುಗಳನ್ನು ನೋಡಬೇಕು. ಕಾರಿನೊಳಗೆಲ್ಲ ತುಂಬಿ ಕಿವಿ ಒತ್ತುವಂಥ ದಪ್ಪ ಗುಂಯ್‌ಗುಡುವಿಕೆ ಬೇರೆಯೇ ಜಾತಿಯದು. ಅಗಲವಾದ ಕೊಳವೆ, ಒಳಗಿನ ಅಡ್ಡಗೋಡೆಗಳಿಲ್ಲದ ಡಬ್ಬಿ ಹಾಕಿಸಿಕೊಂಡವರಿಗೆ ಅದು ಬರುತ್ತದೆ; ಅದಕ್ಕೆ ಕ್ಲಿಪ್ಪು ಮದ್ದಲ್ಲ, ಸರಿಯಾದ ಡಬ್ಬಿಯೇ ಬೇಕು.

ಆಮೇಲೆ ಗಾಡಿ ಪೂರ್ತಿ ತಣ್ಣಗಾದ ಮೇಲೆ, ಮುಂಜಾನೆಯಾದರೆ ಒಳ್ಳೆಯದು, ಸಮನೆಲದಲ್ಲಿ ಹ್ಯಾಂಡ್‌ಬ್ರೇಕು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಬದಿಯಲ್ಲಿ ಮಂಡಿಯೂರಿ ಕುಳಿತು ಪರೀಕ್ಷಿಸಿ. ಬರಿಯ ಜಾಕಿನ ಮೇಲೆ ಎತ್ತಿದ ಗಾಡಿಯ ಅಡಿಗೆ ಯಾವ ಕಾರಣಕ್ಕೂ ತಲೆ ಹಾಕಕೂಡದು. ಬಾಲದ ಕೊಳವೆಯನ್ನು ಕೈಯಿಂದ ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ಅಲುಗಿಸಿ. ಅದು ರಬ್ಬರಿನ ಮೇಲೆ ಮೆತ್ತಗೆ ತೂಗಬೇಕು, ಎಲ್ಲಿಯೂ ಠಣ್ ಎನ್ನಬಾರದು. ಬಿರುಕುಬಿಟ್ಟ ರಬ್ಬರಿದ್ದರೆ ಬದಲಿಸಿ. ಅದರ ಬದಲು ತಂತಿ ಕಟ್ಟುವ ಅಭ್ಯಾಸ ಬೇಡ, ತಂತಿ ಕಟ್ಟಿದರೆ ಎಂಜಿನಿನ ನಡುಕವೆಲ್ಲ ನೇರವಾಗಿ ಸೀಟಿಗೆ ಬರುತ್ತದೆ. ಮುಷ್ಟಿಗೆ ಬಟ್ಟೆ ಸುತ್ತಿ ಡಬ್ಬಿಯನ್ನು, ಕೊಳವೆಯನ್ನು, ಹೊದಿಕೆಗಳನ್ನು ಒಂದೊಂದಾಗಿ ಗುದ್ದಿ ಕೇಳಿ. ಸಡಿಲವಾದ ಹೊದಿಕೆ ಒಡೆದ ಜಾಗಟೆಯಂತೆ ಜರ್ರ್ ಎಂದು ತಾನೇ ಹೆಸರು ಹೇಳುತ್ತದೆ. ಹೇಳದಿದ್ದರೆ ಮಿತ್ರರೊಬ್ಬರನ್ನು ಒಳಗೆ ಕೂರಿಸಿ, ಸದ್ದು ಬರುವ ವೇಗದಲ್ಲಿಯೇ ಎಂಜಿನನ್ನು ಹಿಡಿದಿಡಲು ಹೇಳಿ, ಪೊರಕೆಯ ಹಿಡಿಯಂಥ ಉದ್ದನೆಯ ಕೋಲಿನಿಂದ ಬದಿಯಿಂದಲೇ ಒಂದೊಂದು ತಗಡನ್ನು ಒತ್ತುತ್ತ ಬನ್ನಿ. ಯಾವುದನ್ನು ಒತ್ತಿದಾಗ ಸದ್ದು ನಿಂತಿತೋ ಅದೇ ಕಳ್ಳ. ಚಾಳಿನ ತಟ್ಟೆಯ ಮೇಲೆ ಬೆರಳಿಟ್ಟಂತೆಯೇ ಇದು.

ನಮ್ಮ ಚಾಲಕ ಮಿತ್ರರೊಬ್ಬರು ಇಷ್ಟನ್ನು ಮಾಡುವುದಕ್ಕೆ ಮುಂಚೆ ಎರಡು ಡಬ್ಬಿ ಬದಲಿಸಿದ್ದರು. ಊರಿಗೆ ಕಳಿಸಬೇಕಾದ ಹಣ ಎರಡು ತಿಂಗಳು ಹೋಗಲಿಲ್ಲ. ಕೊನೆಗೆ ಸದ್ದು ಮಾಡುತ್ತಿದ್ದುದು ಗಾಡಿ ಕೊಂಡಂದಿನಿಂದ ಇದ್ದ ಹೊದಿಕೆ. ಹೊಸ ಡಬ್ಬಿಗಳೆರಡೂ ನಿರಪರಾಧಿಗಳು.

ಈ ವಿಷಯದಲ್ಲಿ ತಮಾಷೆಗೆ ಎಡೆಯಿಲ್ಲದ ಭಾಗವೊಂದಿದೆ. ತಣ್ಣಗಿದ್ದ ಎಂಜಿನನ್ನು ಶುರುಮಾಡಿದೊಡನೆ ಟಿಕ್ ಟಿಕ್ ಎಂದೋ, ಬುಸ್ ಬುಸ್ ಎಂದೋ ಕೇಳಿ, ಬಿಸಿಯಾದ ಮೇಲೆ ತಗ್ಗುವ ಸದ್ದು ತಗಡಿನದಲ್ಲ. ಅದು ಜಾಯಿಂಟಿನಿಂದ ಹೊಗೆ ಸೋರುವ ಸದ್ದು. ತೆಳ್ಳನೆಯ ಗ್ಯಾಸ್ಕೆಟ್ಟಿನ ಅಂಚು ನಡುಗಿ ಇದೂ ಝೇಂಕಾರದಂತೆಯೇ ಕೇಳಬಹುದು. ಜಾಯಿಂಟಿನ ಸುತ್ತ ಕಪ್ಪು ಮಸಿ ಹಿಡಿದಿದ್ದರೆ ಸಂಶಯವೇ ಬೇಡ. ಮಸಿಯಿಲ್ಲದಿದ್ದರೆ, ಕೊಳವೆ ತಣ್ಣಗಿರುವಾಗಲೇ ಜಾಯಿಂಟಿಗೆ ಸೋಪಿನ ನೀರು ಸವರಿ, ಎಂಜಿನು ಶುರುಮಾಡಿ, ಗುಳ್ಳೆ ಏಳುವುದೇ ನೋಡಿ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಬಿಗಿಯಿಂದ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಕು, ಅನಂತರ ಎಚ್ಚರವೇ ಇಲ್ಲ. ರಾತ್ರಿ ಪಾಳಿಯವರು ವಿಮಾನ ನಿಲ್ದಾಣದ ಹೊರಗೆ ಗಾಜು ಏರಿಸಿ, ಎಂಜಿನು ನಡೆಯಗೊಟ್ಟು, ಏ.ಸಿ. ಹಾಕಿಕೊಂಡು ಮಲಗುವುದನ್ನು ನಾವು ಬಲ್ಲೆವು. ಸೆಕೆಯ ಊರು, ದಣಿದ ಮೈ, ಬೈದರೆ ಪ್ರಯೋಜನವಿಲ್ಲ. ಆದರೆ ಅಡಿಯಲ್ಲಿ ಸೋರುವ ಜಾಯಿಂಟು ಇದ್ದ ಗಾಡಿಯಲ್ಲಿ ಹಾಗೆ ಮಲಗಿದವನು ಏಳದೆಯೇ ಹೋಗಬಹುದು. ಸೋರಿಕೆಯಿಲ್ಲದ ಗಾಡಿಯಲ್ಲಿಯೂ ಆ ನಿದ್ದೆ ಅಪಾಯದ್ದೇ. ಸೋರಿಕೆ ಕಂಡ ದಿನವೇ ಗ್ಯಾಸ್ಕೆಟ್ಟು ಬದಲಿಸಿ.

ಡಬ್ಬಿಯ ತಳದಲ್ಲಿ ಸೂಜಿಯ ತೂತಿನಂಥದೊಂದು ಇದ್ದು ನೀರು ತೊಟ್ಟಿಕ್ಕುತ್ತಿದ್ದರೆ ಮಾತ್ರ ಗಾಬರಿ ಬೇಡ. ಇಂಧನ ಉರಿದಾಗ ನೀರಾವಿ ಹುಟ್ಟುತ್ತದೆ, ಸಿ.ಎನ್.ಜಿ. ಗಾಡಿಯಲ್ಲಿ ಇನ್ನೂ ಹೆಚ್ಚು. ಆ ನೀರು ಹೊರಹೋಗಲೆಂದೇ ಬಿಟ್ಟ ತೂತು ಅದು. ಅದನ್ನು ಬೆಸೆದು ಮುಚ್ಚಿದರೆ ಡಬ್ಬಿ ಒಳಗಿನಿಂದಲೇ ತುಕ್ಕುತಿನ್ನುತ್ತದೆ.

ಗುದ್ದಿದಾಗ ಡಬ್ಬಿಯ ಒಳಗೇ ಏನೋ ಉರುಳಿದಂತಾದರೆ ಅಡ್ಡಗೋಡೆ ಕಿತ್ತಿದೆ. ಅದನ್ನು ಬದಲಿಸುವುದೇ ಸರಿ. ಮುಂದೆ, ಎಂಜಿನಿನ ಹತ್ತಿರವಿರುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೆಂಚಿನ ಚೂರು ಅಲುಗಿದಂತೆ ಕೇಳಿದರೆ ಒಳಗಿನ ಪಿಂಗಾಣಿ ಜೇನುಗೂಡು ಒಡೆದಿದೆ. ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪವಿರುತ್ತದೆ. “ಇದು ಬೇಡ, ತೆಗೆದು ನೇರ ಕೊಳವೆ ಹಾಕುತ್ತೇನೆ, ಕೂಲಿಯೂ ಬೇಡ” ಎನ್ನುವವನ ಔದಾರ್ಯದ ಗುಟ್ಟು ಅಲ್ಲಿದೆ. ಹಳೆಯ ಭಾಗವನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಅದನ್ನು ತೆಗೆದ ಗಾಡಿಯ ಹೊಗೆ ಹೆಚ್ಚು ವಿಷವಾಗುತ್ತದೆ, ಹೊಗೆ ತಪಾಸಣೆಯಲ್ಲಿಯೂ ತೊಂದರೆಯಾಗುತ್ತದೆ. ಸದ್ದು ತಗ್ಗಿಸುವ ಸೈಲೆನ್ಸರು ಇರಲೇಬೇಕೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೨೦ನೆಯದು ಹೇಳುತ್ತದೆ. ಸದ್ದು ಮತ್ತು ಹೊಗೆಯ ಮಟ್ಟ ಮೀರಿದವರಿಗೆ ೨೦೧೯ರ ತಿದ್ದುಪಡಿಯ ಮೇಲೆ ೧೦,೦೦೦ ರೂಪಾಯಿಯವರೆಗೆ ದಂಡ ಬೀಳಬಹುದು.

ಹೊದಿಕೆಯೇ ಕಳ್ಳನೆಂದು ಗೊತ್ತಾದರೆ ಅದನ್ನು ಕಿತ್ತೆಸೆಯುವ ಸಲಹೆಯನ್ನು ಒಪ್ಪಬೇಡಿ. ಮೇಲಿರುವ ಪೆಟ್ರೋಲಿನ ನಳಿಗೆ, ತಂತಿಗಳು, ನೆಲಹಾಸು ಸುಡದಂತೆ ಅದು ಕಾಯುತ್ತಿದೆ. ಕೊಳವೆಯನ್ನು ಸುತ್ತಿಕೊಂಡ ಹೊದಿಕೆಯಾದರೆ ತಿರುಪಿನಿಂದ ಬಿಗಿಯಾಗುವ ಸ್ಟೀಲಿನ ಹೋಸ್ ಕ್ಲಿಪ್ಪೊಂದನ್ನು ಅದರ ಸುತ್ತ ಹಾಕಿ ಬಿಗಿದರೆ ಸಾಕು. ಗಾಡಿಯ ಮೈಗೆ ಕೂಡಿಸಿದ್ದಾದರೆ, ತುಕ್ಕು ತಿಂದು ಅಗಲವಾದ ಬೋಲ್ಟಿನ ತೂತಿಗೆ ದೊಡ್ಡ ವಾಷರು ಕೊಟ್ಟು ಬಿಗಿಯಿರಿ. ಕೊಳವೆ ತಾಗುತ್ತಿದ್ದರೆ ಕೊಕ್ಕೆ ಬಾಗಿಸಿ, ತಣ್ಣಗಿರುವಾಗ ಎಲ್ಲ ಕಡೆ ಎರಡು ಬೆರಳು ಆಡುವಷ್ಟು ಸಂದು ಬಿಡಿಸಿ. ಪ್ಲಾಸ್ಟಿಕ್ಕಿನ ಕಟ್ಟು, ರಬ್ಬರು ಪಟ್ಟಿ, ಅಂಟು ಇವೊಂದೂ ಅಲ್ಲಿಯ ಬಿಸಿಗೆ ತಡೆಯುವುದಿಲ್ಲ. ನೂರಿನ್ನೂರು ಕಿಲೋಮೀಟರು ಓಡಿಸಿದ ಮೇಲೆ ಗಾಡಿ ತಣಿದಾಗ ಕ್ಲಿಪ್ಪನ್ನೂ ಜಾಯಿಂಟಿನ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ. ಬಿಸಿಗೆ ಹಿಗ್ಗಿ ಕುಗ್ಗಿ ಮೊದಲ ಸಲದ ಬಿಗಿ ಸ್ವಲ್ಪ ಸಡಿಲಿರುತ್ತದೆ. ಕ್ಲಿಪ್ಪಿನ ಬಾಲವನ್ನು ಒಳಕ್ಕೆ ಮಡಚಿಬಿಡಿ, ಮುಂದಿನ ಸಲ ಕೈಹಾಕುವವನಿಗೆ ಚುಚ್ಚದಂತೆ.